ಮೂರನೇ ಲೇಪ

ಈಗ ಹೇಳಹೊರಟಿರುವುದರಲ್ಲಿ ಒಂದೇ ಒಂದು ಅಕ್ಷರ ಸುಳ್ಳಾಗಿದ್ದರೆ, ನನ್ನ ಎಡಗಡೆಯ ಮೀಸೆ ಬೋಳಿಸಿಕೊಂಡು ಬಲಗಡೆಯದ್ದನ್ನು ಹಾಗೇ ಬಿಟ್ಟು ಸಂತೆಯಲ್ಲಿ ತಿರುಗುತ್ತೇನೆ. ಶಿಲುಬೆಯ ಮೇಲೇ ಆಣೆ ಇಡಬಹುದಿತ್ತು. ಆದರೆ ಆಣೆ ಇಡಬೇಡಿ ಎಂದು ಶುಭಸಂದೇಶದಲ್ಲೇ ಬರೆದಿರುವುದರಿಂದ ಮೀಸೆಯ ಮೇಲೆ ನಿಲ್ಲಿಸಿದ್ದೇನೆ.

ಕಾವೇರಿಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ಎರಡು ಹೆಂಚಿನ ಕೋಣೆ, ಒಂದು ಹೊಂಗೆಮರ, ಮರಕ್ಕೆ ಒರಗಿಸಿದ ಒಂದು ಶಿಲುಬೆ. ಅಲ್ಲಿ ರಾಯಪ್ಪ ಎಂಬ ಗುರು ಇದ್ದರು. ಅವರು ಉಪದೇಶ ಮಾಡುತ್ತಿರಲಿಲ್ಲ. ತೆಪ್ಪ ಮಾಡುತ್ತಿದ್ದರು.

ತೆಪ್ಪ ಅಂದರೆ ನೀವು ಕಂಡಿರುವುದೇ. ಬಿದಿರಿನ ದಬ್ಬೆಗಳಲ್ಲಿ ಹೆಣೆದ, ದೊಡ್ಡ ಬುಟ್ಟಿಯಂಥ ದುಂಡನೆಯ ದೋಣಿ. ಹೊರಮೈಗೆ ಗೊಬ್ಬರದ ಖಾಲಿ ಚೀಲಗಳನ್ನು ಬಿಚ್ಚಿ, ಹೊಲಿದು, ಹೊದಿಸುತ್ತಾರೆ. ಅದರ ಮೇಲೆ ಬಿಸಿ ಟಾರು ಬಳಿಯುತ್ತಾರೆ.

ರಾಯಪ್ಪ ಗುರುಗಳ ತೆಪ್ಪದೊಳಕ್ಕೆ ನೀರು ಬಂದದ್ದನ್ನು ಕಂಡವರಿಲ್ಲ. ಒಂದು ಸಲ ಆಣೆಕಟ್ಟಿನ ಬಾಗಿಲು ತೆರೆದಾಗ ಇಡೀ ಕಾವೇರಿ ಅವರ ತೆಪ್ಪದೊಳಕ್ಕೆ ನುಗ್ಗಲು ಮೂರು ದಿನ ಹೆಣಗಾಡಿ, ಸೋತು, ಸುತ್ತುಬಳಸಿ ಸಮುದ್ರಕ್ಕೆ ಹೋಯಿತು. ಒಳಗೇನಿದೆ ಅಂತ ಮೀನುಗಳು ಎಗರಿ ಎಗರಿ ಇಣುಕುತ್ತಿದ್ದವು. ಕಣ್ಣಾರೆ ಕಂಡವನೇ ನನಗೆ ಹೇಳಿದ್ದು. ಅವನ ಹೆಸರು ಮಾತ್ರ ಮರೆತಿದೆ.

ಅವರ ಶಿಷ್ಯನ ಹೆಸರು ಇನ್ನಾಸಿ. ಬರುವ ಮೊದಲು ಮೂರು ಊರುಗಳ ಚರ್ಚುಗಳಲ್ಲಿ ಉಪದೇಶಿಯಾಗಿದ್ದ. ಮೂರು ಕಡೆಯೂ ಜಗಳವಾಡಿ ಬಿಟ್ಟುಬಂದಿದ್ದ. ಅವನ ಸಿಟ್ಟು ಎಂಥದ್ದು ಅಂದರೆ, ಟಾರು ಕಾಯಿಸಲು ಸೌದೆ ಸಾಲದಿದ್ದರೆ ಅವನನ್ನು ಡಬ್ಬದ ಪಕ್ಕ ಕೂರಿಸಿದರೆ ಸಾಕಿತ್ತು.

ಆದರೆ ಅವನ ಸಿಟ್ಟು ಯಾವಾಗಲೂ ನ್ಯಾಯದ ಕಡೆಗೇ ಇರುತ್ತಿತ್ತು. ಅದೇ ಅವನ ಕಷ್ಟ.

ಮೊದಲ ದಿನ ಅವನು ಕೈಮುಗಿದು, "ಗುರುಗಳೇ, ನನಗೆ ಪ್ರಾರ್ಥನೆ ಕಲಿಸಿ" ಅಂದ.

ಗುರು ತೆಂಗಿನ ನಾರಿನ ಒಂದು ಕುಂಚ ತೆಗೆದು ಅವನ ಕೈಗೆ ಕೊಟ್ಟರು.

"ಇದು ಕುಂಚ, ಗುರುಗಳೇ."

"ಕಣ್ಣು ಚೆನ್ನಾಗಿದೆ ನಿಂಗೆ. ಬಾ."

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ತೆಪ್ಪಕ್ಕೆ ಮೂರು ಲೇಪ. ಮೊದಲನೆಯದು ಚೀಲದ ನೇಯ್ಗೆಯೊಳಕ್ಕೆ ಇಳಿಯುತ್ತದೆ. ಎರಡನೆಯದು ಮೈ ಮುಚ್ಚುತ್ತದೆ. ಮೂರನೆಯದು ಹೊಲಿಗೆಯ ತೂತುಗಳನ್ನು ಕಟ್ಟುತ್ತದೆ.

ಮೊದಲೆರಡನ್ನು ಹರಟೆ ಹೊಡೆಯುತ್ತ ಬಳಿದರೂ ನಡೆಯುತ್ತದೆ. ಮೂರನೆಯದಕ್ಕೆ ಮಾತ್ರ ಪರಲೋಕ ಮಂತ್ರ ಹೇಳಿಕೊಳ್ಳಬೇಕು, ಒಂದು ಸಾಲಿಗೆ ಒಂದು ಗೇಣು, ಮುಗಿದರೆ ಮತ್ತೆ ಮೊದಲಿಂದ. ಅದಕ್ಕಿಂತ ಬೇಗ ಕೈಯಾಡಿಸಿದರೆ ಟಾರಿನಲ್ಲಿ ಗುಳ್ಳೆ ಏಳುತ್ತದೆ. ನಿಧಾನವಾದರೆ ಗಡ್ಡೆ ಕಟ್ಟುತ್ತದೆ. ಯೇಸುಸ್ವಾಮಿ ಕಲಿಸಿದ ಆ ಪ್ರಾರ್ಥನೆ ಟಾರಿನ ಅಳತೆಗೆ ಅಷ್ಟು ಸರಿಯಾಗಿ ಕೂರುತ್ತಿತ್ತು.

ಎರಡು ವರ್ಷದಲ್ಲಿ ಇನ್ನಾಸಿಯ ಕೈ ಪಳಗಿತು. ಬಾಯಿ ಮೊದಲೇ ಪಳಗಿತ್ತು. ಸಿಟ್ಟು ಮಾತ್ರ ಬಂದಾಗ ಇದ್ದಷ್ಟೇ ಇತ್ತು.

ಒಂದು ಭಾನುವಾರ ಇಬ್ಬರೂ ಎಂದಿನಂತೆ ಪೂಜೆಗೆ ಹೋದರು. ಚರ್ಚಿನ ಬಾಗಿಲಲ್ಲಿ ಮಿಕ್ಕೇಲಪ್ಪ ನಿಂತಿದ್ದ. ಊರಿಗೆ ದೊಡ್ಡ ಜಮೀನುದಾರ, ಚರ್ಚಿಗೆ ಮುಖಂಡ, ಮೊದಲ ಬೆಂಚು ಅವನ ಮನೆಯವರದ್ದು. ಅವನು ಮೈಮೇಲೆ ಬೀಳುವಂತೆ ನಗುತ್ತ, ಟಾರಿನ ವಾಸನೆಗೆ ತನ್ನ ಮನೆಯವರಿಗೆ ತಲೆಸುತ್ತು ಬರುತ್ತದೆ, ಗುರುಗಳು ಆಚೆ ಹುಣಸೆಮರದ ಕೆಳಗೆ ಕೂತರೆ ಎಲ್ಲರಿಗೂ ಅನುಕೂಲ, ಮೈಕು ಹಾಕಿರುವುದರಿಂದ ಪೂಜೆ ಅಲ್ಲಿಗೂ ಕೇಳಿಸುತ್ತದೆ ಅಂದ.

ಗುರು ತಲೆಯಾಡಿಸಿ ಹೋಗಿ ಹುಣಸೆಮರದ ಕೆಳಗೆ ಕೂತರು. ಇನ್ನಾಸಿಯೂ ಹೋಗಿ ಕೂತ. ಆವತ್ತಿನ ಪೂಜೆಯಲ್ಲಿ ಅವನ ಕಿವಿಗೆ ಬಿದ್ದದ್ದು ತನ್ನ ಹಲ್ಲು ಕಡಿಯುವ ಸದ್ದು ಮಾತ್ರ. ಮರದ ಮೇಲಿನ ಕಾಗೆಗಳು ಅದನ್ನು ಕೇಳಲಾರದೆ ಪಕ್ಕದೂರಿಗೆ ಹೋದವು.

ದಾರಿಯಲ್ಲಿ ಅವನು ಕೇಳಿದ. "ನೀವು ಯಾಕೆ ಆಚೆ ಹೋದ್ರಿ?"

"ನೆರಳು ಚೆನ್ನಾಗಿತ್ತು" ಅಂದರು ಗುರು.

ಆ ಉತ್ತರಕ್ಕೆ ಇನ್ನಾಸಿಗೆ ಇನ್ನಷ್ಟು ಉರಿಯಿತು. ಮಿಕ್ಕೇಲಪ್ಪನ ಮೇಲೆ ಒಂದು ಪಾಲು, ಗುರುಗಳ ಮೇಲೆ ಒಂದು ಪಾಲು, ನೆರಳು ಕೊಟ್ಟ ಮರದ ಮೇಲೆ ಒಂದು ಪಾಲು.

ಬುಧವಾರ ಮಿಕ್ಕೇಲಪ್ಪನ ಮೇಸ್ತ್ರಿ ಆಶ್ರಮಕ್ಕೆ ಬಂದ. ಹೊಳೆಯ ಆಚೆ ದಂಡೆಯಲ್ಲಿ ಯಜಮಾನರು ಟೊಮೆಟೊ ಹಾಕಿದ್ದಾರೆ, ಕಳೆ ಕೀಳುವ ಹೆಣ್ಣಾಳುಗಳು ದಾಟಲು ಒಂದು ಹೊಸ ತೆಪ್ಪ ಬೇಕು, ಬೇಗ ಬೇಕು ಅಂದ. ಗುರು ಆಗಲಿ ಅಂದರು. ಇನ್ನಾಸಿಯ ಕಿವಿಗೆ ಬಿದ್ದದ್ದು ಯಜಮಾನರು ಎಂಬ ಒಂದೇ ಮಾತು. ಹೆಣ್ಣಾಳುಗಳು ಎಂಬ ಮಾತು ಅವನ ಕಿವಿಯ ಪಕ್ಕದಿಂದ ಹಾದುಹೋಯಿತು.

ಮೇಸ್ತ್ರಿ ಕಣ್ಮರೆಯಾದ ಮೇಲೆ ಅವನು ಗುರುಗಳ ಮುಂದೆ ಬಂದು ನಿಂತ.

"ಅವನಿಗೂ ತೆಪ್ಪ ಮಾಡಿಕೊಡ್ತೀರಾ?"

"ಬಿದಿರು ನೆನೆಹಾಕು."

"ಚರ್ಚಿಗೆ ಆಗದ ಟಾರು ಅವನ ಹೊಲಕ್ಕೆ ಆಗುತ್ತಾ?"

"ಬಲಿತದ್ದು ಬೇಡ. ಎಳೆಯದ್ದು ನೆನೆಹಾಕು."

ಇನ್ನಾಸಿ ನೆನೆಹಾಕಿದ. ಸೀಳಿದ. ಹೆಣೆದ. ಒಂದೊಂದು ದಬ್ಬೆಗೂ ಮಿಕ್ಕೇಲಪ್ಪನ ಒಂದೊಂದು ಗುಣ ಹೇಳಿ ಬೈದ. ದಬ್ಬೆಗಳು ಮುಗಿದವು, ಗುಣಗಳು ಮುಗಿಯಲಿಲ್ಲ. ಮೊದಲ ಲೇಪವಾಯಿತು. ಎರಡನೆಯದೂ ಆಯಿತು.

ಅಷ್ಟರಲ್ಲಿ ಬೆಟ್ಟದ ಕಡೆಯ ಊರಿಂದ ಗುರುಗಳಿಗೆ ಕರೆ ಬಂತು. ಹಳೆಯ ಸ್ನೇಹಿತನೊಬ್ಬ ಹಾಸಿಗೆ ಹಿಡಿದಿದ್ದ, ಕೊನೆಯ ಹೊತ್ತು ಅನ್ನುವಂತಿತ್ತು. ಗುರು ಹೆಗಲಿಗೆ ಟವೆಲು ಹಾಕಿಕೊಂಡು ಹೊರಟರು. ಎರಡು ದಿನ ಬಿಟ್ಟು ಬರುತ್ತೇನೆ ಅಂದರು. ಹತ್ತು ಹೆಜ್ಜೆ ಹೋದವರು ತಿರುಗಿ ನೋಡಿದರು.

"ಮೂರನೆಯದು ನಿನ್ನ ಕೈಯಲ್ಲಿದೆ."

ಇನ್ನಾಸಿ ಒಲೆ ಹಚ್ಚಿ ಟಾರು ಕಾಯಿಸಿದ. ತೆಪ್ಪವನ್ನು ಕವುಚಿ ಹಾಕಿ, ತಳದ ನಡುವಿನಿಂದ ಶುರುಮಾಡಿದ.

ತಂದೆಯನ್ನು ಕರೆದ, ಒಂದು ಗೇಣು. ಅವರ ಹೆಸರಿಗೆ ಒಂದು ಗೇಣು. ರಾಜ್ಯಕ್ಕೆ ಒಂದು. ಚಿತ್ತಕ್ಕೆ ಒಂದು. ಅನ್ನ ಕೇಳಿದ, ಐದನೇ ಗೇಣು.

ಆರನೆಯದು, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎಂದು ದೇವರ ಮುಂದೆ ನಿಂತು ಹೇಳುವ ಸಾಲು.

ಕುಂಚ ನಿಂತಿತು.

ಕಣ್ಣೆದುರಿಗೆ ಮಿಕ್ಕೇಲಪ್ಪನ ನಗು ಬಂತು. ಹುಣಸೆಮರದ ಬೇರಿನ ಮೇಲೆ ಮಂಡಿ ಮಡಿಸಲಾಗದೆ ಕಾಲು ಚಾಚಿ ಕೂತ ಗುರುಗಳು ಕಂಡರು. ಇನ್ನಾಸಿ ಮತ್ತೆ ಮೊದಲಿಂದ ಶುರುಮಾಡಿದ. ಮತ್ತೆ ಅಲ್ಲೇ ನಿಂತ. ಹತ್ತು ಸಲ ನಿಂತ. ಡಬ್ಬದಲ್ಲಿ ಟಾರು ಗಟ್ಟಿಯಾಯಿತು. ಮತ್ತೆ ಕಾಯಿಸಿದ. ಮತ್ತೆ ನಿಂತ.

ಕೂತು ಯೋಚಿಸಿದ. ಆ ಸಾಲನ್ನು ಬಿಟ್ಟು ಹೇಳೋಣ ಅಂದರೆ ಸ್ವಾಮಿ ಕಲಿಸಿದ ಪ್ರಾರ್ಥನೆಗೆ ಕತ್ತರಿ ಹಾಕಿದ ಹಾಗೆ. ಹೇಳಿಬಿಡೋಣ ಅಂದರೆ ದೇವರಿಗೇ ಸುಳ್ಳು ಹೇಳಿದ ಹಾಗೆ. ಪ್ರಾರ್ಥನೆಯೇ ಇಲ್ಲದೆ ಬಳಿಯೋಣ ಅಂದರೆ ಗುರುಗಳ ಪದ್ಧತಿ ಮುರಿದ ಹಾಗೆ.

ಮೂರು ದಾರಿಯೂ ಮುಚ್ಚಿತ್ತು. ಇನ್ನಾಸಿ ಕುಂಚ ಕೆಳಗಿಟ್ಟ.

ಇಟ್ಟವನಿಗೆ ಬೇಜಾರಾಯಿತು ಅಂತ ತಿಳಿಯಬೇಡಿ. ಎದೆ ಒಂದು ಅಂಗುಲ ಉಬ್ಬಿತು. ಈ ಜಿಲ್ಲೆಯಲ್ಲಿ ದೇವರ ಮುಂದೆ ಸುಳ್ಳು ಹೇಳದೆ ಉಳಿದವನು ತಾನೊಬ್ಬನೇ ಅನ್ನಿಸಿತು ಅವನಿಗೆ.

ಸಂಜೆ ಮೇಸ್ತ್ರಿ ಎತ್ತಿನಗಾಡಿ ತಂದು ಆಯಿತಾ ಅಂತ ಕೇಳಿದ. ಇನ್ನಾಸಿ ಗಾಡಿಗೆ ಎತ್ತಿ ಹಾಕಲು ಕೈಕೊಟ್ಟ. ಬಾಯಿ ಕೊಡಲಿಲ್ಲ.

ಆಮೇಲೆ ಎರಡು ದಿನ ಅವನು ಯಾವ ಕೆಲಸ ಮಾಡುತ್ತಿದ್ದರೂ ನಡುನಡುವೆ ಒಂದು ಚಿತ್ರ ಕಾಣುತ್ತಿತ್ತು. ನಡುಹೊಳೆಯಲ್ಲಿ ಮಿಕ್ಕೇಲಪ್ಪ, ಅವನ ಇಸ್ತ್ರಿ ಮಾಡಿದ ಬಿಳಿ ಪಂಚೆ, ಪಂಚೆಯ ಅಂಚಿಗೆ ಮೆಲ್ಲಗೆ ಏರುವ ನೀರು. ಬೆಲ್ಲ ಚಪ್ಪರಿಸಿದಂತೆ ಆ ಚಿತ್ರವನ್ನು ಚಪ್ಪರಿಸಿದ.

ಗುರು ಬಂದರು. ಸ್ನೇಹಿತನನ್ನು ಮಣ್ಣುಮಾಡಿ ಬಂದಿದ್ದರು, ಮುಖ ಬಾಡಿತ್ತು. ತೆಪ್ಪ ಮುಗಿಯಿತಾ ಅಂತ ಕೇಳಿದರು.

"ತಗೊಂಡು ಹೋದ್ರು" ಅಂದ ಇನ್ನಾಸಿ.

ಗುರು ಅವನ ಮುಖವನ್ನು ಒಂದು ಗಳಿಗೆ ನೋಡಿ, ಸ್ನಾನಕ್ಕೆ ಹೊಳೆಗೆ ಇಳಿದರು.

ಮಾರನೇ ದಿನ ಬಿಸಿಲು ಏರುವ ಹೊತ್ತಿಗೆ ದಂಡೆಯ ದಾರಿಯಲ್ಲಿ ಹತ್ತು ಕಾಲಿನ ಒಂದು ಕರಿ ಆಮೆ ನಡೆದು ಬಂತು. ಹತ್ತಿರ ಬಂದಾಗ ನೋಡಿದರೆ ಐದು ಜನ ಹೆಂಗಸರು, ತಲೆಯ ಮೇಲೆ ಕವುಚಿಕೊಂಡ ತೆಪ್ಪ. ಐದು ಸೀರೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

ಮುಂದಿದ್ದವಳು ಲೂರ್ದಮ್ಮ. ಮಿಕ್ಕೇಲಪ್ಪನ ಹೊಲದಲ್ಲಿ ಇಪ್ಪತ್ತು ವರ್ಷದಿಂದ ಕಳೆ ಕೀಳುವವಳು. ತೆಪ್ಪವನ್ನು ಗುರುಗಳ ಕಾಲ ಬುಡದಲ್ಲಿ ಇಳಿಸಿದಳು.

ಇವತ್ತೇ ಮೊದಲ ಸಲ ಹೊಳೆಗೆ ಇಳಿಸಿದ್ದಂತೆ. ನಡುಹೊಳೆಗೆ ಹೋಗುವ ಹೊತ್ತಿಗೆ ಹೊಲಿಗೆ ಹೊಲಿಗೆಯಲ್ಲೂ ನೀರು ಜಿನುಗಿತಂತೆ. ಆಮೇಲೆ ಚಿಮ್ಮಿತಂತೆ. ಬುತ್ತಿಯ ಮುದ್ದೆ, ಸೊಪ್ಪಿನ ಸಾರು ಎಲ್ಲ ಹೊಳೆಗೆ ಸುರಿದು, ಆ ಪಾತ್ರೆಗಳಲ್ಲೇ ನೀರು ಮೊಗೆದು ಮೊಗೆದು ಹಾಕಿ, ಹೇಗೋ ಹಿಂದಕ್ಕೆ ಬಂದು ದಡ ಮುಟ್ಟಿದರಂತೆ. ಜೊತೆಗಿದ್ದ ಆರನೆಯವಳು ಲೂರ್ದಮ್ಮನ ಸೊಸೆ, ಏಳು ತಿಂಗಳ ಬಸುರಿ. ಹೊಟ್ಟೆ ಹಿಡಿದುಕೊಂಡು ಆ ನೀರಲ್ಲೇ ಮಂಡಿಯೂರಿ ಕೂತಿದ್ದಳಂತೆ. ಈಗ ಮನೆಯಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದಾಳೆ.

ಇನ್ನಾಸಿ ಒಂದು ಹೆಜ್ಜೆ ಮುಂದೆ ಬಂದ. "ಅವನು... ಮಿಕ್ಕೇಲಪ್ಪ?"

"ಯಜಮಾನ್ರಿಗೇನಪ್ಪ, ಮೋಟಾರ್‌ಸೈಕಲ್ ಐತೆ. ಸೇತುವೆ ಮೇಲೆ ಬರ್ತಾರೆ. ತೆಪ್ಪದಲ್ಲಿ ಕೂರೋಕೆ ಅವರಿಗೇನು ಗ್ರಹಚಾರ."

ನಾಳೆ ಬೆಳಿಗ್ಗೆ ಏಳಕ್ಕೆ ಹೊಲದಲ್ಲಿ ಇರದಿದ್ದರೆ ಪಕ್ಕದೂರಿನ ಆಳುಗಳನ್ನು ಕರೆಸುತ್ತೇನೆ, ಆಮೇಲೆ ನೀವು ಈ ಹೊಲದ ಕಡೆ ಬರಬೇಡಿ ಅಂತ ಅವನು ದಡದಲ್ಲೇ ನಿಂತು ಹೇಳಿ ಹೋಗಿದ್ದನಂತೆ. ಸೇತುವೆ ಸುತ್ತಿ ನಡೆದರೆ ಎರಡು ಗಂಟೆಯ ದಾರಿ, ಮನೆಯ ಅಡಿಗೆ, ಬುತ್ತಿ ಮುಗಿಸಿ ಹೊರಟರೆ ಹೊತ್ತು ಮೀರುತ್ತದೆ. ಇದೇ ತೆಪ್ಪದಲ್ಲಿ ದಾಟಬೇಕು, ಇಲ್ಲವೇ ಕೆಲಸ ಬಿಡಬೇಕು.

ಇನ್ನಾಸಿ ಸಿಡಿದ. ನೋಡಿದಿರಾ ಗುರುಗಳೇ ಅಂದ. ಬಡವರ ಜೀವ ಅವನಿಗೆ ಹುಲ್ಲುಕಡ್ಡಿ ಅಂದ. ಮೊದಲ ಬೆಂಚಿನಲ್ಲಿ ಕೂರುವ ಬಾಯಿಗೆ ಪ್ರಸಾದ ಹೇಗೆ ಇಳಿಯುತ್ತೆ ಅಂದ. ಇನ್ನೂ ಏನೇನೋ ಅಂದ. ಹೊಂಗೆಮರದ ಹಸಿ ಎಲೆಗಳು ಆ ಬಿಸಿಗೆ ಉದುರಿದವು.

ಲೂರ್ದಮ್ಮ ಸೀರೆಯ ಸೆರಗು ಹಿಂಡಿಕೊಳ್ಳುತ್ತ ಅವನ ಮಾತು ಮುಗಿಯುವವರೆಗೆ ಕಾದಳು.

"ಅವರ ಕತೆ ಆಮೇಲೆ ನೋಡಾನ. ಈ ತೆಪ್ಪ ಮಾಡಿದ್ದು ಯಾರಪ್ಪ?"

ಗುರು ತೆಪ್ಪದ ತಳದ ಮೇಲೆ ಅಂಗೈ ಇಟ್ಟರು. ನಡುವಿನಲ್ಲಿ ಐದು ಗೇಣು ಮಿರಮಿರ ಮಿಂಚುತ್ತಿತ್ತು. ಉಳಿದದ್ದು ಮಂಕಾಗಿತ್ತು. ಅವರ ಬೆರಳು ಐದನೇ ಗೇಣಿನ ತುದಿಯಲ್ಲಿ ನಿಂತಿತು.

"ಅನ್ನದ ಸಾಲಿನವರೆಗೆ ಬಂದಿದ್ದೀಯ" ಅಂದರು.

ಇನ್ನಾಸಿ ಒಪ್ಪಿಕೊಂಡ. ಮೊದಲು ತಲೆಯೆತ್ತಿಯೇ ಹೇಳಿದ. ಆ ಸಾಲು ತನ್ನ ಬಾಯಿಂದ ಬರಲಿಲ್ಲ, ಕ್ಷಮಿಸದೆ ಕ್ಷಮಿಸಿದೆ ಅನ್ನುವುದು ತನ್ನಿಂದಾಗಲಿಲ್ಲ, ಸುಳ್ಳು ಪ್ರಾರ್ಥನೆಯಿಂದ ಟಾರು ಬಳಿಯುವುದಕ್ಕಿಂತ ಬಳಿಯದಿರುವುದೇ ಸರಿ ಅನ್ನಿಸಿತು ಅಂದ. ಹೇಳುತ್ತ ಹೇಳುತ್ತ ಅವನ ತಲೆ ತಾನಾಗಿ ಇಳಿಯಿತು.

ಲೂರ್ದಮ್ಮ ಅವನನ್ನು ಕೆಳಗಿಂದ ಮೇಲಕ್ಕೆ ನೋಡಿದಳು.

"ನಿನ್ನ ಬಾಯಿ ಸುಳ್ಳಾಗಬಾರದು ಅಂತ ನನ್ನ ಸೊಸೆ ಮುಳುಗಬೇಕಾಗಿತ್ತೇನಪ್ಪ ಉಪದೇಶಿ?"

 

ಇನ್ನಾಸಿ ಗುರುಗಳ ಕಡೆ ತಿರುಗಿದ. "ನಾನು ಸಿಟ್ಟಾಗಿದ್ದು ತಪ್ಪಾ? ಅವನು ನಿಮ್ಮನ್ನು ಆಚೆ ಕೂರಿಸಿದ."

ಎರಡು ವರ್ಷದಲ್ಲಿ ಮೊದಲ ಸಲ ಗುರುಗಳ ದನಿ ಏರಿತು.

"ನಂಗೂ ಸಿಟ್ಟಿದೆ. ಆವತ್ತೂ ಇತ್ತು. ಇವತ್ತು ಇವರ ಸೀರೆ ನೋಡಿದ ಮೇಲೆ ಎರಡರಷ್ಟಾಗಿದೆ. ನಾಳೆ ಇವರು ದಾಟಿದ ಮೇಲೆ ಅವನ ಬಾಗಿಲಿಗೆ ಹೋಗ್ತೀನಿ, ಹಜಾರದಲ್ಲಿ ನಿಂತು, ಮುಖ ನೋಡಿ ಹೇಳ್ತೀನಿ. ನೀನೂ ಬಾ. ನಿನ್ನ ಸಿಟ್ಟು ಅವನ ಮುಖಕ್ಕೆ ಸೇರಿದ್ದು ಕಣಯ್ಯ. ಅದನ್ನ ತೆಪ್ಪದ ತಳದಲ್ಲಿ ಇಟ್ಟು ಕಳಿಸ್ತಾರಾ?"

ಇನ್ನಾಸಿ ತೆಪ್ಪದ ಒಂದು ಅಂಚು ಹಿಡಿದ. 

ತೆಪ್ಪವನ್ನು ಬಿಸಿಲಿಗೆ ಕವುಚಿದರು. ನೆನೆದ ತಳ ಒಣಗದೆ ಟಾರು ಹಿಡಿಯುವುದಿಲ್ಲ. ಹೆಂಗಸರು ಒಣಬಟ್ಟೆ ಇಸಿದುಕೊಂಡು ಹೊಲಿಗೆ ಹೊಲಿಗೆ ಒರೆಸಿದರು. ಆಶ್ರಮದ ಅಕ್ಕಿಯಲ್ಲಿ ಗುರು ಗಂಜಿ ಕಾಯಿಸಿ ಬಡಿಸಿದರು. ತಳ ಒಣಗುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಹೊತ್ತು ಮುಳುಗುವುದರೊಳಗೆ ಬಳಿದು ಮುಗಿಸಬೇಕು, ಕತ್ತಲಲ್ಲಿ ಕರಿ ಟಾರು ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಅಂತ ಕಾಣುವುದಿಲ್ಲ.

ಇನ್ನಾಸಿ ಕುಂಚ ಅದ್ದಿ ಹಾಗೇ ನಿಂತ.

"ಗುರುಗಳೇ, ಆ ಸಾಲು ಈಗಲೂ ಬರಲ್ಲ. ಈಗಂತೂ ಬರೋದೇ ಇಲ್ಲ."

"ಬರದಿದ್ರೆ ಆ ಒಂದು ಗೇಣು ಬಾಯಿ ಮುಚ್ಚಿಕೊಂಡು ಬಳಿ."

"ಅದು ಪದ್ಧತಿ ಅಲ್ಲವಲ್ಲ?"

"ಪದ್ಧತಿ ನಂದು. ತೆಪ್ಪ ಅವರದ್ದು. ಬಳಿ."

ಇನ್ನಾಸಿ ಬಳಿದ. ಐದು ಗೇಣು ಬಾಯಲ್ಲಿ ಹೇಳಿಕೊಂಡು, ಆರನೆಯದು ಬಾಯಿ ಮುಚ್ಚಿಕೊಂಡು. ಮತ್ತೆ ಮುಂದಕ್ಕೆ. ಲೂರ್ದಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಇಲ್ಲಿ ಬಿಟ್ಟೆ, ಅಲ್ಲಿ ತೆಳುವಾಯ್ತು ಅಂತ ಬೆರಳು ತೋರಿಸುತ್ತಿದ್ದಳು. ಒಂದು ಹೊಲಿಗೆಯ ಹತ್ತಿರ, ತನ್ನ ಸೊಸೆ ಕೂರುವುದು ಇಲ್ಲೇ ಅಂದಳು. ಇನ್ನಾಸಿ ಅಲ್ಲಿ ಎರಡು ಸಲ ಬಳಿದ.

ಮಾತಿದ್ದ ಗೇಣುಗಳಲ್ಲಿ ಅವನ ಕೈ ಅಭ್ಯಾಸದಂತೆ ಹೋಗುತ್ತಿತ್ತು. ಮಾತಿಲ್ಲದ ಗೇಣುಗಳಲ್ಲಿ ಅಳತೆಗೆ ಏನೂ ಇಲ್ಲದೆ, ಹೊಲಿಗೆಯ ಒಂದೊಂದು ತೂತನ್ನೂ ನೋಡಿ, ಒತ್ತಿ, ಒತ್ತಿ ನಡೆಯಿತು. ಬೆವರು ಮೂಗಿನ ತುದಿಯಿಂದ ಬೀಳುತ್ತಿತ್ತು. ಅವನು ಅದನ್ನು ಟಾರಿನ ಮೇಲೆ ಬೀಳಗೊಡದೆ ಹೆಗಲಿಗೆ ಒರೆಸಿಕೊಂಡ.

ಇನ್ನೂ ಕಾಲುಭಾಗ ಉಳಿದಿರುವಾಗ ಸೂರ್ಯ ಆಚೆ ದಡದ ನೀಲಗಿರಿ ಮರಗಳ ತುದಿಗೆ ಇಳಿದ. ಇಳಿದವನು ಇತ್ತ ಕಡೆ ನೋಡಿದ, ಪರಿಸ್ಥಿತಿ ಅರ್ಥಮಾಡಿಕೊಂಡ, ಅಲ್ಲೇ ಒಂದು ಗಳಿಗೆ ಕಾದ. ಇನ್ನಾಸಿ ಕೊನೆಯ ಗೇಣು ಬಳಿದು ಕುಂಚ ಎತ್ತಿದ.

ಹೆಂಗಸರು ಅಂಚು ಹಿಡಿದು ತೆಪ್ಪವನ್ನು ಸೂರ್ಯನಿಗೆ ಅಡ್ಡಲಾಗಿ ಎತ್ತಿ ನಿಲ್ಲಿಸಿದರು. ಸೂಜಿಮೊನೆಯಷ್ಟು ತೂತು ಉಳಿದಿದ್ದರೂ ಬೆಳಕು ತೂರಿ ಬಂದು ತೋರಿಸಿಕೊಡುತ್ತದೆ. ಗುರು ತೆಪ್ಪದೊಳಕ್ಕೆ ತಲೆ ಹಾಕಿ ಅಂಚಿನಿಂದ ಅಂಚಿಗೆ ಹುಡುಕಿದರು. ಲೂರ್ದಮ್ಮನೂ ಹುಡುಕಿದಳು. ಒಳಗೆ ಕಪ್ಪು ಬಿಟ್ಟರೆ ಏನೂ ಇರಲಿಲ್ಲ.

ನಾಳೆ ಏಳಕ್ಕೆ ಮೊದಲೇ ದಾಟುತ್ತೇವೆ ಅಂದಳು ಅವಳು. ಇನ್ನಾಸಿಯ ಮುಖ ನೋಡಿ, ಸೊಸೆಯನ್ನೂ ಕೂರಿಸಿಕೊಳ್ಳುತ್ತೇನೆ ಅಂತ ಸೇರಿಸಿದಳು.

ಅಷ್ಟು ಕೇಳಿದರೂ ಇನ್ನಾಸಿಯ ಮುಖ ತಿಳಿಯಾಗಲಿಲ್ಲ. ಟಾರು ಮೆತ್ತಿದ ಕೈಗಳನ್ನು ಮೈಗೆ ತಾಗದಂತೆ ಹಿಡಿದುಕೊಂಡು ಗುರುಗಳ ಹತ್ತಿರ ಬಂದ.

"ತೆಪ್ಪ ಮುಗೀತು, ಗುರುಗಳೇ. ಆದ್ರೆ ಪ್ರಾರ್ಥನೆ ಮುಗೀಲಿಲ್ಲ. ಆ ಸಾಲು ಒಂದು ಸಲವೂ ನಾನು ಹೇಳಲಿಲ್ಲ."

ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಸೂರ್ಯ ಒಂದು ಗಳಿಗೆ ಕಾದ ಅಂದೆನಲ್ಲ, ಆ ಸಣ್ಣ ವಿವರ ನಾನು ಸೇರಿಸಿದ್ದು. ಅವನು ತನ್ನ ಹೊತ್ತಿಗೇ ಇಳಿದ. ಉಳಿದದ್ದೆಲ್ಲ ನಡೆದ ಹಾಗೇ ಇದೆ. ಗುರು ಆಡಿದ ಮಾತಿಗಂತೂ ನಾನು ಕೈ ಹಚ್ಚಿಲ್ಲ.

ಅವರು ತೆಪ್ಪದೊಳಗಿನಿಂದ ತಲೆ ಹೊರಗೆ ತೆಗೆದು, ಅವನು ಬಾಯಿ ಮುಚ್ಚಿಕೊಂಡು ಬಳಿದ ಆರನೇ ಗೇಣನ್ನು ತೋರಿಸಿ ಅಂದರು:

"ಹೇಳಿದ್ದೀಯ ಕಣಪ್ಪ. ನಿಂಗೇ ಕೇಳಿಸಿಲ್ಲ."